ಅಮೆರಿಕದ ಕಾಲ್ಚೆಂಡಾಟಗಾರರೂ ಜನಾನುರಾಗವೂ

೧೯೫೦ನೆಯ ಇಸವಿ ಜೂನ್ ೨೯ರಂದು ಬ್ರೆಜಿಲ್ ದೇಶದ ಬೆಲೊ ಹೊರಿಜೊಂಟೆ ಎಂಬ ಪಟ್ಟಣದಲ್ಲಿ, ವಿಶ್ವಕಪ್ ಪಂದ್ಯಾವಳಿಯ ಒಂದು ಆಟದಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನಗಳ ಕಾಲ್ಚೆಂಡಿನ ತಂಡವು ಇಂಗ್ಲೆಂಡಿನ ತಂಡವನ್ನು ಒಂದು ಗೋಲಿನಿಂದ ಸೋಲಿಸಿತು. ಈ ಆಟಕ್ಕೆ ಕಟ್ಟಳೆಗಳನ್ನು ವಿಧಿಸಿ ಲೋಕಕ್ಕೆ ಕಲಿಸಿಕೊಟ್ಟ ನಾಡು ಇಂಗ್ಲೆಂಡು. ಅದರ ಆಟಗಾರರು ಆಟವನ್ನೇ ಜೀವನೋಪಾಯವಾಗಿ ಉಳ್ಳವರು. ಅಮೆರಿಕದ ಪರವಾಗಿ ಆಡಿದವರಾದರೋ ಬಹುಮಟ್ಟಿಗೆ ಬೇರೆ ಕಸಬುಗಳಿಂದ ಹೊಟ್ಟೆ ಹೊರೆಯುತ್ತಿದ್ದವರು. ಗೋಲ್‌ಕೀಪರನಾದ ಫ್ರಾಂಕ್ ಬೋರ್ಗಿ ಶವಸಂಸ್ಕಾರದ ಮೋಟಾರುಬಂಡಿಯನ್ನು ನಡೆಸುತ್ತಿದ್ದನು. ವಾಲ್ಟರ್ ಬಾರ್ ಎಂಬಾತನು ಶಾಲೆಯ ಉಪಾಧ್ಯಾಯ. ಗೋಲನ್ನು ಹೊಡೆದ ಜೋ ಗೇಜೆನ್ಸನು ಹೈಟಿ ದೇಶದಲ್ಲಿ ಹುಟ್ಟಿ, ನ್ಯೂಯಾರ್ಕಿಗೆ ಬಂದು ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಲೆಕ್ಕಶಾಸ್ತ್ರವನ್ನು ಓದುತ್ತ, ಖರ್ಚಿಗಾಗಿ ಒಂದು ಭೋಜನಶಾಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ವಿದ್ಯಾರ್ಥಿ. ಬಾರ್ ದೂರದಿಂದ ಒದೆದ ಚೆಂಡಿಗೆ ಗೇಜೆನ್ಸನು ಎಗರಿ ತಲೆಯೊಡ್ಡಿದನು; ಅದು ದಿಕ್ಕು ತಪ್ಪಿ ಗೋಲಿನೊಳಗೆ ಬಿದ್ದಿತು. ಆಟ ಮುಗಿದಮೇಲೆ ಬ್ರೆಜಿಲಿನ ಪ್ರೇಕ್ಷಕರು ಆತನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಮೆರೆಸಿದವರು ಬ್ರೆಜಿಲಿನವರು ಎಂಬುದನ್ನು ಗಮನಿಸಬೇಕು. ಅಮೆರಿಕದಿಂದ ಆ ಪಂದ್ಯಾವಳಿಯನ್ನು ನೋಡಲು ಹೋಗಿದ್ದ ವೃತ್ತಪತ್ರಿಕೆಯ ಬಾತ್ಮೀದಾರನು ಒಬ್ಬನೇ ಒಬ್ಬ, ಸೇಂಟ್ ಲೂಯಿಸ್ ಪಟ್ಟಣದ ಡೆಂಟ್ ಮೆಕ್‌ಸ್ಕಿಮಿಂಗ್ ಎಂಬಾತ. ವಿಜಯಿಗಳು ಊರಿಗೆ ಹಿಂದಿರುಗಿದಾಗ ಅವರನ್ನು ಎದುರುಗೊಳ್ಳಲು ಮನೆಯವರ ಹೊರತು ಬಂದವರಿಲ್ಲವೆಂದೇ ಹೇಳಬೇಕು. ಅವರು ಮರಳಿ ತಮ್ಮ ತಮ್ಮ ಕೆಲಸಗಳಿಗೆ ಹೋದರು. ಗೇಜೆನ್ಸನು ಕೆಲವು ಕಾಲ ಫ್ರಾನ್ಸಿನಲ್ಲಿ ಆಡಿ ತನ್ನ ಹುಟ್ಟೂರಿಗೆ ಹೋಗಿ ನೆಲಸಿದನು. ೧೯೬೪ರ ಜುಲೈ ತಿಂಗಳಲ್ಲಿ ಅಲ್ಲಿನ ಸರ್ವಾಧಿಕಾರಿ ದುವಾಲಿಯೇಯ ಭಟರು ಆತನನ್ನು ಹಿಡಿದುಕೊಂಡು ಹೋದರು. ಆತನಿಗೆ ರಾಜಕೀಯದ ಸೋಂಕಿರಲಿಲ್ಲ. ಬಂಧುಗಳು ಸರ್ವಾಧಿಕಾರಿಗೆ ವಿರೋಧಿಗಳಾಗಿದ್ದರು, ಅಷ್ಟೆ. ಆತನ ದೇಹವು ಕೂಡ ಮನೆಯವರಿಗೆ ದೊರೆಯಲಿಲ್ಲ. ಅಮೆರಿಕದ ಕಾಲ್ಚೆಂಡಿನ ಕೀರ್ತಿಮಂದಿರದಲ್ಲಿ ಆತನ ಹೆಸರನ್ನು ಬರೆದದ್ದು ೧೯೭೬ರಲ್ಲಿ.

ಇದಕ್ಕೆ ಸಮೀಪದಲ್ಲಿ ಇನ್ನೊಂದು ದಿನವನ್ನು ಇಟ್ಟು ನೋಡಬಹುದು. ೨೦೧೪ನೆಯ ಜುಲೈ ೧ರಂದು ಅದೇ ಬ್ರೆಜಿಲಿನ ಸಾಲ್ವಡಾರ್ ಪಟ್ಟಣದಲ್ಲಿ ಅಮೆರಿಕದ ತಂಡವು ಬೆಲ್ಜಿಯಂ ತಂಡಕ್ಕೆ ಒಂದಕ್ಕೆ ಎರಡು ಗೋಲುಗಳಿಂದ ಸೋತಿತು. ಸೋತ ತಂಡದ ಗೋಲ್‌ಕೀಪರನಾದ ಟಿಮ್ ಹೋವರ್ಡನು ಮರುದಿನ ಅಮೆರಿಕದಲ್ಲಿ ಮನೆಮಾತಾದನು. ರಾಷ್ಟ್ರಾಧ್ಯಕ್ಷ ಒಬಾಮ ಟೆಲಿಫೋನಿನಲ್ಲಿ ಆತನನ್ನು ಅಭಿನಂದಿಸಿದನು. ಯಾರೋ ಒಬ್ಬ ಹಾಸ್ಯಗಾರನು ಅಂತರ್ಜಾಲದ ವಿಶ್ವಕೋಶದಲ್ಲಿ ದೇಶದ ರಕ್ಷಣಾಮಂತ್ರಿಯ ಹೆಸರನ್ನಳಿಸಿ ಹೋವರ್ಡನ ಹೆಸರನ್ನು ಬರೆಯಲು, ನಿಜವಾದ ರಕ್ಷಣಾಮಂತ್ರಿ ಹೇಗಲ್ ಕೂಡ ಆತನಿಗೆ ಟೆಲಿಫೋನು ಮಾಡಿ ಆ ನಗೆಯಲ್ಲಿ ಸೇರಿಕೊಂಡನು. ಗೆದ್ದವನು ಮರೆತುಹೋದುದೂ ಸೋತವನು ಪ್ರೀತಿಪಾತ್ರನಾದುದೂ ಒಂದೇ ದೇಶದಲ್ಲಿ, ಒಂದೇ ಆಟದಲ್ಲಿ. ಹಾಗಾದರೆ ಅಮೆರಿಕದ ಅಭಿಮಾನಿಗಳು ತಮ್ಮ ರಾಷ್ಟ್ರೀಯ ತಂಡದ ಆಟಗಾರರಲ್ಲಿ ಮೆಚ್ಚುವುದು ಏನನ್ನು? ಆಟದ ನೈಪುಣ್ಯವನ್ನೆ, ಜಯವನ್ನೆ, ಇಲ್ಲವೆ ಇವೆರಡೂ ಅಲ್ಲದ ಮತ್ತೊಂದನ್ನೆ? ಕಾವ್ಯದಲ್ಲಿ ನಾಯಕನಾರೆಂಬುದನ್ನು ಕವಿ ನಿಶ್ಚಯಿಸಿದರೂ ಓದುಗರ ಹೃದಯವು ಬೇರೊಬ್ಬನಿಗೆ ಸಲ್ಲುವುದುಂಟೆಂಬುದು ಕನ್ನಡಿಗರಿಗೆ ಹೊಸದಲ್ಲ. ಪಂಪನ ಭಾರತದಲ್ಲಿ ಅರ್ಜುನನು ಕಥಾನಾಯಕ. ಆದರೂ ಕರ್ಣನನ್ನು ಮರೆತು ಆ ಕಾವ್ಯವನ್ನು ನೆನೆಯುವವರಾರು? ಅಂಥ ಪ್ರಶ್ನೆಯೇ ಇಲ್ಲಿಯೂ ಏಳುತ್ತದೆ.

ಮೊದಲು ಆ ದೇಶದಲ್ಲಿ ಈ ಆಟಕ್ಕಿರುವ ಸ್ಥಾನವನ್ನು ತಿಳಿಯಬೇಕು. ಉಳಿದ ಲೋಕವು ಫುಟ್‌ಬಾಲ್ ಎಂದು ಕರೆಯುವುದನ್ನು ಅಮೆರಿಕನ್ನರು ಸಾಕರ್ ಎನ್ನುತ್ತಾರೆ. ಅವರಲ್ಲಿ ಫುಟ್‌ಬಾಲ್ ಎಂದರೆ ಅಂಡಾಕಾರದ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ನುಗ್ಗುವ ಬೇರೊಂದು ಆಟ. ಅದು, ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಈ ಮೂರೂ ಅಲ್ಲಿನ ಮಕ್ಕಳಿಗೆ ತಂದೆಯರಿಂದ ಪರಂಪರೆಯಾಗಿ ಬರುವ ಆಟಗಳು. ಸಾಕರ್ ಹಾಗೆ ಬಂದದ್ದಲ್ಲ. ಯುರೋಪಿನಿಂದ ವಲಸೆ ಬಂದವರ ಬೀದಿಗಳಲ್ಲಿ ಅದು ಮೊದಲಿನಿಂದಲೂ ಇದ್ದಿತು. ೧೯೩೦ರ ಮೊದಲ ವಿಶ್ವಕಪ್ಪಿನಲ್ಲಿ ಅಮೆರಿಕದ ತಂಡವು ಉಪಾಂತ್ಯದ ಸುತ್ತಿನವರೆಗೂ ಹೋಗಿತ್ತು. ಆದರೆ ೧೯೫೦ರ ಬಳಿಕ ೧೯೯೦ರ ವರೆಗೆ ನಲವತ್ತು ವರ್ಷ ಆ ತಂಡಕ್ಕೆ ವಿಶ್ವಕಪ್ಪಿಗೆ ಅರ್ಹತೆಯೇ ದೊರೆಯಲಿಲ್ಲ. ನಡುವೆ, ೧೯೭೫ರಲ್ಲಿ, ಬ್ರೆಜಿಲಿನ ಪೆಲೆ ನ್ಯೂಯಾರ್ಕಿನ ಕಾಸ್ಮಾಸ್ ತಂಡಕ್ಕೆ ಬಂದಾಗ ಜನರು ಕ್ರೀಡಾಂಗಣಗಳಿಗೆ ನುಗ್ಗಿದರು. ಆತನು ಹೋದಮೇಲೆ ಕೆಲವೇ ವರ್ಷಗಳಲ್ಲಿ, ೧೯೮೪ರ ಆಟಗಳ ಬಳಿಕ, ಆ ಲೀಗೇ ಮುಚ್ಚಿಹೋಯಿತು. ೨೦೦೭ರಲ್ಲಿ ಬೆಕಮ್, ೨೦೨೩ರಲ್ಲಿ ಮೆಸ್ಸಿ ಬಂದಾಗಲೂ ಇದೇ ಬಗೆಯ ನೂಕುನುಗ್ಗಲು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಆಟದ ಸೊಬಗನ್ನು ಕಾಣಬೇಕೆಂಬ ಆಸೆಯನ್ನು ಅಮೆರಿಕದ ಪ್ರೇಕ್ಷಕನು ಪರದೇಶದ ಆಟಗಾರರಿಂದ ತೀರಿಸಿಕೊಳ್ಳುತ್ತಾನೆ. ತನ್ನವರಿಂದ ಆತನು ಬಯಸುವುದು ಅದನ್ನಲ್ಲ.

ಈ ಮಾತಿಗೆ ಕ್ಲಾಡಿಯೊ ರೇನನ ಉದಾಹರಣೆ ಸಾಕು. ೨೦೦೨ರ ವಿಶ್ವಕಪ್ಪಿನಲ್ಲಿ ಅಮೆರಿಕವು ಪೋರ್ಚುಗಲನ್ನು ಮೂರಕ್ಕೆ ಎರಡು ಗೋಲುಗಳಿಂದಲೂ ಮೆಕ್ಸಿಕೊವನ್ನು ಎರಡು ಗೋಲುಗಳಿಂದಲೂ ಗೆದ್ದು, ಎಂಟರ ಸುತ್ತಿನಲ್ಲಿ ಜರ್ಮನಿಗೆ ಒಂದೇ ಗೋಲಿನಿಂದ ಸೋತಿತು. ಆ ತಂಡದ ನಾಯಕ ರೇನ. ಪಂದ್ಯಾವಳಿಯ ಉತ್ತಮೋತ್ತಮ ಆಟಗಾರರ ಪಟ್ಟಿಯನ್ನು ವಿಶ್ವಸಂಸ್ಥೆಯಾದ ಫೀಫ ಪ್ರಕಟಿಸಿದಾಗ ಅದರಲ್ಲಿದ್ದ ಅಮೆರಿಕನ್ನನು ಆತನೊಬ್ಬನೇ. ಚೆಂಡನ್ನು ಕಾಲಬುಡದಲ್ಲಿ ಇಟ್ಟುಕೊಂಡು, ಆಟದ ವೇಗವನ್ನು ಕುಗ್ಗಿಸಿ ಹಿಗ್ಗಿಸಿ, ಮುಂದಿನವನಿಗೆ ಸರಿಯಾದ ಎಡೆಯಲ್ಲಿ ಒಪ್ಪಿಸುವ ಆತನ ವಿದ್ಯೆಯನ್ನು ಬಲ್ಲವರು ಕೊಂಡಾಡಿದರು. ಆದರೆ ಸಾಮಾನ್ಯ ಅಭಿಮಾನಿಯ ನೆನಪಿನಲ್ಲಿ ಆ ವರ್ಷದಿಂದ ಉಳಿದವರು ಇಪ್ಪತ್ತು ವರ್ಷದ ಹುಡುಗನಾಗಿ ಓಡಿದ ಲ್ಯಾಂಡನ್ ಡಾನೊವನ್ನನೂ ತಲೆಯಿಂದ ಗೋಲು ಹೊಡೆಯುತ್ತಿದ್ದ ಬ್ರಯನ್ ಮೆಕ್‌ಬ್ರೈಡನೂ. ಮೆಕ್‌ಬ್ರೈಡನ ವಿಷಯದಲ್ಲಿಯಂತೂ ಅನುರಾಗವನ್ನು ಭದ್ರಪಡಿಸಿದ್ದು ಗೋಲೂ ಅಲ್ಲ. ೨೦೦೬ನೆಯ ಜೂನ್ ೧೭ರಂದು ಜರ್ಮನಿಯ ಕೈಸರ್‌ಸ್ಲೌಟರ್ನ್ ಪಟ್ಟಣದಲ್ಲಿ ಇಟಲಿಯೊಡನೆ ಆಡುವಾಗ ಎದುರಾಳಿ ಡಿ ರೊಸ್ಸಿಯ ಮೊಳಕೈ ಆತನ ಕೆನ್ನೆಗೆ ಬಡಿಯಿತು. ಮುಖವೆಲ್ಲ ರಕ್ತ. ಹೊಡೆದವನನ್ನು ಹೊರಗೆ ಕಳುಹಿಸಿದರು. ಮೆಕ್‌ಬ್ರೈಡನು ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡು ಮತ್ತೆ ಬಂದು ಆಡಿದನು. ಆಟವು ಒಂದಕ್ಕೊಂದು ಸಮವಾಯಿತು. ಆ ವರ್ಷ ಅಮೆರಿಕವು ಒಂದು ಆಟವನ್ನೂ ಗೆಲ್ಲದೆ ಹಿಂದಿರುಗಿದರೂ ರಕ್ತ ಸುರಿಯುವ ಆ ಮುಖದ ಚಿತ್ರವು ಉಳಿದುಕೊಂಡಿತು.

ವೀರರಸಕ್ಕೆ ಸ್ಥಾಯಿಭಾವವು ಉತ್ಸಾಹವೆಂದು ಲಾಕ್ಷಣಿಕರು ಹೇಳಿದ್ದಾರೆಯೇ ಹೊರತು ಜಯವೆಂದು ಹೇಳಿಲ್ಲ. ಅಮೆರಿಕದ ಪ್ರೇಕ್ಷಕನು ಅಲಂಕಾರಶಾಸ್ತ್ರವನ್ನು ಓದಿದವನಲ್ಲ. ಆದರೂ ತನ್ನ ಆಟಗಾರನಲ್ಲಿ ಆತನು ಹುಡುಕುವುದು ಸೋಲಿನ ಮುಂದೆಯೂ ಬತ್ತದ ಉತ್ಸಾಹವನ್ನೇ. ಇದಕ್ಕೆ ಕಾರಣವೂ ಉಂಟು. ಉಳಿದ ಆಟಗಳಲ್ಲಿ ಅಮೆರಿಕವೇ ಲೋಕಕ್ಕೆ ಮೇಲು, ಅಥವಾ ಆ ಆಟವನ್ನು ಆಡುವ ದೇಶಗಳೇ ವಿರಳ. ಪುರುಷರ ಕಾಲ್ಚೆಂಡಾಟದಲ್ಲಿ ಮಾತ್ರ ಆ ಬಲಾಢ್ಯ ರಾಷ್ಟ್ರವು ಚಿಕ್ಕ ದೇಶಗಳ ಮುಂದೆಯೂ ಬಡವನಂತೆ ನಿಲ್ಲಬೇಕಾಗಿದೆ. ಬಲ್ಲವನಲ್ಲದಿದ್ದರೂ ಬಿಡದವನು ಎನಿಸಿಕೊಳ್ಳುವುದೇ ಇಂಥ ಸ್ಥಿತಿಯಲ್ಲಿ ಗೌರವದ ಮಾರ್ಗ. ವಲಸೆ ಬಂದು ದುಡಿದು ಮೇಲೆ ಬಂದವರ ಕಥೆಗಳನ್ನು ಕೇಳಿ ಬೆಳೆದ ಜನಕ್ಕೆ ಅದು ಅಪರಿಚಿತವಾದ ಮಾರ್ಗವೂ ಅಲ್ಲ.

ಕ್ಲಿಂಟ್ ಡೆಂಪ್ಸಿಯ ಜನಪ್ರಿಯತೆಯು ಇಲ್ಲಿ ಬೇರೂರಿದೆ. ಅಮೆರಿಕದಲ್ಲಿ ಮಕ್ಕಳ ಕಾಲ್ಚೆಂಡಾಟವು ಈಚಿನ ದಶಕಗಳಲ್ಲಿ ಹಣವುಳ್ಳವರ ವಿನೋದವಾಗಿ ಪರಿಣಮಿಸಿದೆ. ಒಳ್ಳೆಯ ಕ್ಲಬ್ಬಿನಲ್ಲಿ ಆಡಬೇಕಾದರೆ ವರ್ಷವರ್ಷವೂ ದೊಡ್ಡ ಶುಲ್ಕವನ್ನು ತೆರಬೇಕು. ಡೆಂಪ್ಸಿ ಟೆಕ್ಸಾಸ್ ಪ್ರಾಂತದ ನ್ಯಾಕೊಡೋಚಸ್ ಎಂಬ ಊರಿನಲ್ಲಿ, ಬಡವರು ಗಾಲಿಮನೆಗಳನ್ನು ನಿಲ್ಲಿಸಿಕೊಂಡು ವಾಸಿಸುವ ಬಯಲಿನಲ್ಲಿ, ಮೆಕ್ಸಿಕೊದಿಂದ ಬಂದವರ ಮಕ್ಕಳೊಡನೆ ಆಡಿ ಕಲಿತವನು. ತಂದೆತಾಯಿಗಳು ಆತನನ್ನು ಸುಮಾರು ಮೂರು ಗಂಟೆಯ ಹಾದಿಯಾದ ಡಲ್ಲಾಸ್ ಪಟ್ಟಣಕ್ಕೆ ಅಭ್ಯಾಸಕ್ಕಾಗಿ ಕರೆದೊಯ್ಯುತ್ತಿದ್ದರು. ಟೆನಿಸ್ ಆಡುತ್ತಿದ್ದ ಅಕ್ಕ ಜೆನಿಫರ್ ೧೯೯೫ರಲ್ಲಿ ಮೆದುಳಿನ ರಕ್ತನಾಳ ಒಡೆದು ಹದಿನಾರನೆಯ ವಯಸ್ಸಿಗೆ ತೀರಿಕೊಂಡಳು. ಗೋಲು ಹೊಡೆದಾಗಲೆಲ್ಲ ಡೆಂಪ್ಸಿ ಆಕಾಶಕ್ಕೆ ಬೆರಳೆತ್ತಿ ತೋರಿಸುತ್ತಿದ್ದುದು ಆಕೆಗಾಗಿ. ೨೦೧೪ರಲ್ಲಿ ಘಾನಾ ದೇಶದ ಮೇಲೆ ಆಟ ಶುರುವಾದ ಅರ್ಧ ನಿಮಿಷದೊಳಗೆ ಗೋಲು ಹೊಡೆದು, ಅದೇ ಆಟದಲ್ಲಿ ಮೂಗು ಮುರಿದುಕೊಂಡು, ಕೊನೆಯವರೆಗೂ ಆಡಿದನು. ರಾಷ್ಟ್ರೀಯ ತಂಡಕ್ಕೆ ಆತನು ಹೊಡೆದ ಗೋಲುಗಳು ೫೭, ಡಾನೊವನ್ನನವೂ ೫೭. ಎಣಿಕೆಯಲ್ಲಿ ಇಬ್ಬರೂ ಸಮ. ಆದರೆ ಅಭಿಮಾನಿಗಳು ಇಬ್ಬರನ್ನೂ ಕಂಡ ಬಗೆ ಒಂದೇ ಅಲ್ಲ.

ಡಾನೊವನ್ನನ ವಿಷಯವು ಹೆಚ್ಚು ಜಟಿಲವಾದುದು. ಆತನಷ್ಟು ಪ್ರೀತಿಯನ್ನೂ ಆತನಷ್ಟು ಆಕ್ಷೇಪಣೆಯನ್ನೂ ಏಕಕಾಲದಲ್ಲಿ ಪಡೆದ ಅಮೆರಿಕದ ಆಟಗಾರನು ಇನ್ನೊಬ್ಬನಿಲ್ಲ. ಹದಿಹರೆಯದಲ್ಲಿಯೇ ಜರ್ಮನಿಯ ಲೇವರ್‌ಕೂಸನ್ ಕ್ಲಬ್ಬಿಗೆ ಹೋಗಿ, ಅಲ್ಲಿ ಮನಸ್ಸು ನಿಲ್ಲದೆ ಕ್ಯಾಲಿಫೋರ್ನಿಯಕ್ಕೆ ಹಿಂದಿರುಗಿದನು. ಯುರೋಪಿನ ಕಷ್ಟವನ್ನು ಸಹಿಸದೆ ಮನೆಯ ಸುಖವನ್ನು ಬಯಸಿದನೆಂಬ ಮಾತು ಅಂದಿನಿಂದಲೂ ಆತನನ್ನು ಹಿಂಬಾಲಿಸಿತು. ಆದರೆ ೨೦೧೦ನೆಯ ಜೂನ್ ೨೩ರಂದು ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ನಡೆದುದು ಆ ಮಾತನ್ನೆಲ್ಲ ತೊಳೆದುಹಾಕಿತು. ಎದುರಾಳಿ ಆಲ್ಜೀರಿಯ, ಗೆಲ್ಲದಿದ್ದರೆ ಅಮೆರಿಕವು ಪಂದ್ಯಾವಳಿಯಿಂದ ಹೊರಕ್ಕೆ. ತೊಂಬತ್ತು ನಿಮಿಷಗಳು ಮುಗಿದರೂ ಗೋಲಿಲ್ಲ. ನಷ್ಟವಾದ ಹೊತ್ತಿಗೆ ಬದಲಾಗಿ ಕೊಟ್ಟ ನಿಮಿಷಗಳಲ್ಲಿ ಹೋವರ್ಡನು ಚೆಂಡನ್ನು ಹಿಡಿದು ಕೈಯಿಂದಲೇ ದೂರಕ್ಕೆ ಎಸೆದನು. ಡಾನೊವನ್ನನು ಅದನ್ನು ತೆಗೆದುಕೊಂಡು ಓಡಿದನು. ಚೆಂಡು ಆಲ್ಟಿಡೋರ್, ಡೆಂಪ್ಸಿ ಇವರ ಮೂಲಕ ಹಾದು ಎದುರಾಳಿಯ ಗೋಲ್‌ಕೀಪರನಿಗೆ ಬಡಿದು ಹಿಂದಕ್ಕೆ ಬಂದಿತು. ಓಡಿಬಂದ ಡಾನೊವನ್ನನೇ ಅದನ್ನು ಒಳಗೆ ಒದೆದನು. ಆ ಗಳಿಗೆಯಲ್ಲಿ ಅಮೆರಿಕದ ಊರೂರಿನ ಪಾನಗೃಹಗಳಲ್ಲಿ ಟೆಲಿವಿಷನ್ನಿನ ಮುಂದೆ ಸೇರಿದ್ದ ಜನರು ಕೂಗಿ ಕುಣಿದುದರ ಚಲಚ್ಚಿತ್ರಗಳನ್ನು ಜನರೇ ತೆಗೆದು ಒಟ್ಟುಗೂಡಿಸಿ ಪ್ರಚಾರಮಾಡಿದರು. ನೋಡುವವರು ತಮ್ಮನ್ನೇ ನೋಡಿಕೊಂಡರು! ಅಮೆರಿಕದಲ್ಲಿ ಸಾಕರ್ ಅಭಿಮಾನಿಗಳ ಸಮುದಾಯವೊಂದು ಇದೆಯೆಂಬುದು ಅಭಿಮಾನಿಗಳಿಗೇ ಗೊತ್ತಾದುದು ಆ ದಿನವೆಂದರೆ ಅತಿಶಯೋಕ್ತಿಯಾಗಲಾರದು. ಗೇಜೆನ್ಸನಿಗೆ ಇಲ್ಲದೆಹೋದುದು ಇದು. ಬೆಲೊ ಹೊರಿಜೊಂಟೆಯ ಗೋಲು ಪ್ರಿಟೋರಿಯದ ಗೋಲಿಗಿಂತ ಹಿರಿದೇ ಹೊರತು ಕಿರಿದಲ್ಲ. ಆದರೆ ಅದನ್ನು ತನ್ನದೆಂದು ಕೂಗುವ ಜನವು ಆಗ ಇನ್ನೂ ಹುಟ್ಟಿರಲಿಲ್ಲ.

೨೦೧೨ರ ಕೊನೆಯಲ್ಲಿ ಡಾನೊವನ್ನನು ಆಟದಿಂದ ಬೇಸತ್ತು ಕೆಲವು ತಿಂಗಳು ವಿರಾಮ ಪಡೆದು ಕಾಂಬೋಡಿಯ ಮೊದಲಾದೆಡೆ ಸಂಚರಿಸಿದಾಗ ಹಳೆಯ ಆಕ್ಷೇಪಣೆ ಮತ್ತೆ ತಲೆಯೆತ್ತಿತು. ೨೦೧೪ರ ಮೇ ತಿಂಗಳಲ್ಲಿ ತರಬೇತುದಾರ ಕ್ಲಿನ್ಸ್‌ಮನ್ ಆತನನ್ನು ವಿಶ್ವಕಪ್ಪಿನ ತಂಡದಿಂದ ಕೈಬಿಟ್ಟಾಗಲಾದರೋ, ಆಕ್ಷೇಪಿಸುತ್ತಿದ್ದವರಲ್ಲಿಯೂ ಅನೇಕರು ಮರುಗಿದರು. ತಮ್ಮ ಸುಖದ ಗಳಿಗೆಯನ್ನು ಕೊಟ್ಟವನನ್ನು ಬೇರೊಬ್ಬನು ತಳ್ಳಿಹಾಕುವುದನ್ನು ಜನರು ಸಹಿಸುವುದಿಲ್ಲ.

ಇನ್ನು ಗೋಲ್‌ಕೀಪರರ ಮಾತು. ಉಳಿದ ದೇಶಗಳಲ್ಲಿ ಮಕ್ಕಳು ಗೋಲು ಹೊಡೆಯುವವನನ್ನು ಆದರ್ಶವಾಗಿಟ್ಟುಕೊಂಡರೆ ಅಮೆರಿಕದಲ್ಲಿ ಗೋಲು ಕಾಯುವವನ ಮೇಲೆ ವಿಶೇಷವಾದ ಅಕ್ಕರೆ. ಇದಕ್ಕೆ ಕಾರಣವು ಆ ಜನರ ಇತರ ಆಟಗಳಲ್ಲಿಯೇ ದೊರೆಯುತ್ತದೆ. ಕೈಯಿಂದ ಹಿಡಿಯುವುದು, ಎಸೆಯುವುದು, ಎಗರಿ ತಡೆಯುವುದು ಇವನ್ನು ಅವರ ಕಣ್ಣು ಬಾಲ್ಯದಿಂದಲೂ ಬಲ್ಲದು. ೧೯೫೦ರ ಬೋರ್ಗಿ ಮೊದಲು ಬೇಸ್‌ಬಾಲ್ ಆಡುತ್ತಿದ್ದವನು. ಚೆಂಡನ್ನು ಒದೆಯುವುದಕ್ಕಿಂತ ಎಸೆಯುವುದರಲ್ಲಿಯೇ ಆತನಿಗೆ ನಂಬಿಕೆ. ಅಲ್ಲದೆ ಆ ಜನರಿಗೆ ಆಟವೆಂದರೆ ಅಂಕಿಗಳು. ಬೇಸ್‌ಬಾಲಿನ ಅಭಿಮಾನಿಯು ಆಟಗಾರನ ಸರಾಸರಿಗಳನ್ನು ಜಪದಂತೆ ಹೇಳುತ್ತಾನೆ. ಕಾಲ್ಚೆಂಡಾಟದಲ್ಲಿ ರೇನನಂಥವನ ಕೆಲಸವನ್ನು ಎಣಿಸಲು ಅಂಕಿಯಿಲ್ಲ. ಗೋಲ್‌ಕೀಪರನು ತಡೆದ ಚೆಂಡುಗಳಿಗೆ ಇದೆ. ಬೆಲ್ಜಿಯಂ ಮೇಲೆ ಹೋವರ್ಡನು ತಡೆದ ಚೆಂಡುಗಳು ಮೊದಲು ೧೬ ಎಂದು ಎಣಿಕೆಯಾಗಿ ಬಳಿಕ ೧೫ ಎಂದು ತಿದ್ದಲ್ಪಟ್ಟವು. ಎರಡರಲ್ಲಿ ಯಾವುದಾದರೂ ವಿಶ್ವಕಪ್ಪಿನಲ್ಲಿ ಇಂಥ ಲೆಕ್ಕವನ್ನಿಡಲು ತೊಡಗಿದ ೧೯೬೬ರಿಂದೀಚೆಗೆ ಅದೇ ಹೆಚ್ಚಿನದು. ಬಾಲ್ಯದಿಂದಲೂ ಟೂರೆಟ್ ಎಂಬ ನರರೋಗವು ಆತನನ್ನು ಬಾಧಿಸುತ್ತಿದ್ದುದೂ ಮೈ ತಾನಾಗಿ ಅದುರುವ ಆ ರೋಗವನ್ನು ಆತನು ಮರೆಮಾಚದೆ ಹೇಳಿಕೊಂಡುದೂ ಜನರಿಗೆ ತಿಳಿದಿತ್ತು. ಅಂಥವನು ಎರಡು ಗಂಟೆಗಳ ಕಾಲ ಕೈಕಾಲು ಮೈಗಳನ್ನೆಲ್ಲ ಒಡ್ಡಿ ತಡೆದನಷ್ಟೆ.

ಆದರೆ ಈ ಕಾರಣವನ್ನು ಹೆಚ್ಚು ಎಳೆಯಲಾಗದು. ಅದನ್ನು ಖಂಡಿಸುವ ಉದಾಹರಣೆಯು ಮಹಿಳೆಯರ ತಂಡದಲ್ಲಿಯೇ ಇದೆ. ಆ ತಂಡದ ಕಥೆಯು ಪುರುಷರ ಕಥೆಗೆ ಬಹುಮಟ್ಟಿಗೆ ತಿರುಗುಮುರುಗಾದುದು. ೧೯೭೨ರಲ್ಲಿ ಅಮೆರಿಕದ ಶಾಸನಸಭೆಯು, ಸರಕಾರದ ಹಣವನ್ನು ಪಡೆಯುವ ವಿದ್ಯಾಶಾಲೆಗಳಲ್ಲಿ ಸ್ತ್ರೀಪುರುಷರೆಂಬ ಭೇದವನ್ನು ಮಾಡಕೂಡದೆಂದು ವಿಧಿಸಿತು. ಆ ಕಾನೂನಿನ ಒಂಬತ್ತನೆಯ ಪ್ರಕರಣದಿಂದಾಗಿ ಕಾಲೇಜುಗಳು ಹೆಣ್ಣುಮಕ್ಕಳಿಗೂ ತಂಡಗಳನ್ನು ಕಟ್ಟಬೇಕಾಯಿತು. ಅದೇ ವರ್ಷದಲ್ಲಿ ಅಲಬಾಮ ಪ್ರಾಂತದಲ್ಲಿ ಹುಟ್ಟಿದ ಕೂಸು ಮಿಯ ಹ್ಯಾಮ್. ಆಕೆಯ ತಲೆಮಾರಿನ ತಂಡವು ೧೯೯೧ರಲ್ಲಿ ಚೀಣದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ಪನ್ನು ಗೆದ್ದುಬಂದಾಗಲೂ, ೧೯೫೦ರಂತೆಯೇ, ಎದುರುಗೊಂಡವರು ಬೆರಳೆಣಿಕೆಯವರು. ೧೯೯೬ರ ಒಲಿಂಪಿಕ್ ಅಂತಿಮ ಪಂದ್ಯಕ್ಕೆ ಜಾರ್ಜಿಯ ಪ್ರಾಂತದ ಅಥೆನ್ಸಿನಲ್ಲಿ ಸೇರಿದವರು ೭೬,೪೮೧. ೧೯೯೯ನೆಯ ಜುಲೈ ೧೦ರಂದು ಕ್ಯಾಲಿಫೋರ್ನಿಯದ ರೋಸ್ ಬೌಲಿನಲ್ಲಿ ಸೇರಿದವರು ೯೦,೧೮೫. ಈ ಬೆಳವಣಿಗೆ ತಾನಾಗಿ ಆದುದಲ್ಲ. ಆಟ ಮುಗಿದ ಮೇಲೆ ಬೇಲಿಯ ಬಳಿ ನಿಂತ ಹುಡುಗಿಯರಿಗೆ ಹಸ್ತಾಕ್ಷರ ಹಾಕಿಕೊಡುವುದನ್ನು ಆ ಆಟಗಾರ್ತಿಯರು ಕರ್ತವ್ಯವೆಂದು ಭಾವಿಸಿದ್ದರು. ಪ್ರೇಕ್ಷಕರಲ್ಲಿ ಬಹುಮಂದಿ ತಾವೇ ಆಟವನ್ನಾಡುವ ಹುಡುಗಿಯರೂ ಅವರ ತಂದೆತಾಯಿಗಳೂ ಆಗಿದ್ದರು. ಪುರುಷರ ತಂಡದ ಅಭಿಮಾನಿಯು ಆಟಗಾರನಲ್ಲಿ ತನ್ನ ದೇಶವನ್ನು ಕಂಡರೆ ಈ ಹುಡುಗಿಯರು ಆಟಗಾರ್ತಿಯಲ್ಲಿ ನಾಳೆಯ ತಮ್ಮನ್ನೇ ಕಂಡರು.

ಹ್ಯಾಮ್ ನಾಚಿಕೆಯ ಸ್ವಭಾವದವಳು. ಕೀರ್ತಿಯನ್ನು ತಂಡಕ್ಕೆ ಒಪ್ಪಿಸಿ ಹಿಂದೆ ಸರಿಯುವಳು. ೧೫೮ ಗೋಲುಗಳನ್ನು ಹೊಡೆದು ೨೦೦೪ರಲ್ಲಿ ನಿವೃತ್ತಳಾದ ಆಕೆಯ ಈ ವಿನಯವೇ ಆಕೆಯನ್ನು ಇನ್ನಷ್ಟು ಮೇಲಕ್ಕೇರಿಸಿತು. ೧೯೯೯ರ ಅಂತಿಮ ಪಂದ್ಯದಲ್ಲಿ ಚೀಣದ ಮೇಲೆ ಗೋಲಿಲ್ಲದೆ ಆಟವು ಮುಗಿದು ಪೆನಾಲ್ಟಿ ಒದೆತಗಳಿಂದ ನಿರ್ಣಯವಾಗಬೇಕಾಯಿತು. ಅಮೆರಿಕದ ಗೋಲ್‌ಕೀಪರಳಾದ ಬ್ರಿಯಾನ ಸ್ಕರಿ ಮೂರನೆಯ ಒದೆತವನ್ನು ಎಗರಿ ತಡೆದಳು. ಕೊನೆಯ ಒದೆತವನ್ನು ಒದೆದು ಗೆಲ್ಲಿಸಿದವಳು ಬ್ರಾಂಡಿ ಚಾಸ್ಟೇನ್. ಆಕೆ ಸಂಭ್ರಮದಲ್ಲಿ ಮೇಲಂಗಿಯನ್ನು ಕಳಚಿ ಮೊಣಕಾಲೂರಿದ ಚಿತ್ರವು ಪತ್ರಿಕೆಗಳ ಮುಖಪುಟವಾಯಿತು. ಸ್ಕರಿ ತಡೆಯದಿದ್ದರೆ ಚಾಸ್ಟೇನಳ ಒದೆತಕ್ಕೆ ಅರ್ಥವಿರಲಿಲ್ಲ. ಆದರೂ ಕೀರ್ತಿಯಲ್ಲಿ ಸಮಪಾಲು ಆಕೆಗೆ ಬರಲಿಲ್ಲ. ಆ ತಂಡದ ಮುಂದಾಳುಗಳಲ್ಲಿ ಕಪ್ಪು ಜನಾಂಗದವಳು ಆಕೆ ಬಹುಮಟ್ಟಿಗೆ ಒಬ್ಬಳೇ ಎಂಬುದನ್ನು ಇದಕ್ಕೆ ಕಾರಣವಾಗಿ ಹೇಳುವವರುಂಟು; ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ೨೦೧೦ರಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ ಆಕೆಯ ಆಟವು ನಿಂತುಹೋಯಿತು. ಕಷ್ಟಕಾಲದಲ್ಲಿ ಒಲಿಂಪಿಕ್ ಚಿನ್ನದ ಪದಕಗಳನ್ನು ಆಕೆ ಒತ್ತೆಯಿಟ್ಟು, ಮುಂದೆ ಬಿಡಿಸಿಕೊಂಡಳು. ಕೀರ್ತಿಮಂದಿರಕ್ಕೆ ಆಕೆಯನ್ನು ಆರಿಸಿದುದು ೨೦೧೭ರಲ್ಲಿ. ಜನಾನುರಾಗವು ಒಂದು ಚಿತ್ರವನ್ನು ಆಯ್ದುಕೊಳ್ಳುವಾಗ ಪಕ್ಕದಲ್ಲಿದ್ದುದನ್ನು ಕತ್ತರಿಸಿಬಿಡುತ್ತದೆ.

ಮುಂದಿನ ವರ್ಷಗಳಲ್ಲಿ ಇಂಥ ಗಳಿಗೆಗಳು ಮಹಿಳೆಯರ ತಂಡಕ್ಕೆ ಮೇಲಿಂದ ಮೇಲೆ ಒದಗಿದವು. ೨೦೧೧ರಲ್ಲಿ ಬ್ರೆಜಿಲಿನ ಮೇಲೆ ಹತ್ತೇ ಮಂದಿಯಾಗಿ ಉಳಿದು ಸೋಲುವಂತಿದ್ದಾಗ ೧೨೨ನೆಯ ನಿಮಿಷದಲ್ಲಿ ಆ್ಯಬಿ ವಾಂಬಾಕ್ ತಲೆಯಿಂದ ಹೊಡೆದ ಗೋಲು ಒಂದು. ೨೦೧೫ರ ಅಂತಿಮ ಪಂದ್ಯದಲ್ಲಿ ಜಪಾನಿನ ಮೇಲೆ ಹದಿನಾರು ನಿಮಿಷಗಳೊಳಗೆ ಕಾರ್ಲಿ ಲಾಯ್ಡ್ ಹೊಡೆದ ಮೂರು ಗೋಲುಗಳು ಮತ್ತೊಂದು. ಆ ಪಂದ್ಯವನ್ನು ಅಮೆರಿಕದಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಜನರು ನೋಡಿದರು.

ಮೇಗನ್ ರಪಿನೋ ಬಂದಾಗ ಪ್ರಶ್ನೆಯ ಸ್ವರೂಪವೇ ಬದಲಾಯಿತು. ನಾಯಕಭೇದಗಳನ್ನು ಸ್ತ್ರೀಯರಿಗೂ ಅನ್ವಯಿಸಬಹುದಾದರೆ ಹ್ಯಾಮಳನ್ನು ಧೀರಪ್ರಶಾಂತೆಯೆಂದೂ ರಪಿನೋಳನ್ನು ಧೀರೋದ್ಧತೆಯೆಂದೂ ಕರೆಯಬೇಕು. ಕಪ್ಪು ಜನರ ಮೇಲಿನ ದೌರ್ಜನ್ಯವನ್ನು ಪ್ರತಿಭಟಿಸಿ ೨೦೧೬ರಲ್ಲಿ ರಾಷ್ಟ್ರಗೀತೆಯ ಸಮಯದಲ್ಲಿ ಮೊಣಕಾಲೂರಿದ್ದವಳು, ೨೦೧೯ರ ವಿಶ್ವಕಪ್ಪಿನ ನಡುವೆ ಗೆದ್ದರೂ ರಾಷ್ಟ್ರಾಧ್ಯಕ್ಷನ ಭವನಕ್ಕೆ ತಾನು ಹೋಗುವುದಿಲ್ಲವೆಂದು ಸಾರಿದವಳು ಆಕೆ. ಆ ಮಾತಿನಿಂದ ಗದ್ದಲವೆದ್ದ ಬೆನ್ನಲ್ಲಿಯೇ ಫ್ರಾನ್ಸಿನ ಮೇಲೆ ಎರಡು ಗೋಲುಗಳನ್ನು ಹೊಡೆದು ಎರಡು ತೋಳುಗಳನ್ನೂ ಚಾಚಿ ನಿಂತಳು. ಆ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿಯೂ ಆಕೆಯೇ. ಒಂದು ಪಾಲು ಜನರಿಗೆ ಆಕೆ ಆರಾಧ್ಯಳಾದಳು. ಇನ್ನೊಂದು ಪಾಲಿಗೆ ಅಸಹ್ಯಳು. ೨೦೨೩ರಲ್ಲಿ ಸ್ವೀಡನ್ನಿನ ಮೇಲೆ ಆಕೆಯ ಪೆನಾಲ್ಟಿ ಒದೆತವು ಗುರಿ ತಪ್ಪಿ ಅಮೆರಿಕವು ಹೊರಬಿದ್ದಾಗ ಅಮೆರಿಕನ್ನರಲ್ಲಿಯೇ ಹರ್ಷಿಸಿದವರಿದ್ದರು. ಪುರುಷರ ತಂಡದ ಯಾವ ಆಟಗಾರನಿಗೂ ಇಷ್ಟು ಅಭಿಮಾನವಾಗಲಿ ಇಷ್ಟು ದ್ವೇಷವಾಗಲಿ ಸಂದಿಲ್ಲ. ಯಾವಾಗಲೂ ಗೆಲ್ಲುವ ತಂಡದಲ್ಲಿ ಗೆಲವೊಂದೇ ಕಥೆಯಾಗದು; ಅಲ್ಲಿ ಅಭಿಮಾನವು ಆಟಗಾರ್ತಿಯು ಯಾವುದರ ಪರವಾಗಿ ನಿಂತಿದ್ದಾಳೆಂಬುದನ್ನು ನೋಡುತ್ತದೆ.

ಈ ಅಭಿಮಾನವು ಬರಿಯ ಭಾವನೆಯಾಗಿ ಉಳಿಯಲಿಲ್ಲವೆಂಬುದು ಗಮನಾರ್ಹವಾದುದು. ೨೦೧೯ನೆಯ ಮಾರ್ಚ್ ೮ರಂದು ಆಟಗಾರ್ತಿಯರು ತಮ್ಮ ಒಕ್ಕೂಟದ ಮೇಲೆ ಸಮಾನವೇತನಕ್ಕಾಗಿ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದೇ ವರ್ಷ ಜುಲೈ ೭ರಂದು ಲಿಯೋನ್ ಪಟ್ಟಣದಲ್ಲಿ ನೆದರ್ಲೆಂಡ್ಸನ್ನು ಸೋಲಿಸಿ ಅವರು ವಿಶ್ವಕಪ್ಪನ್ನು ಗೆದ್ದಾಗ ಪ್ರೇಕ್ಷಕರು ಕೂಗಿದುದು ದೇಶದ ಹೆಸರನ್ನಲ್ಲ, ಆಟಗಾರ್ತಿಯ ಹೆಸರನ್ನಲ್ಲ. ಸಮಾನ ಸಂಬಳವೆಂಬ ಮಾತನ್ನು. ೨೦೨೨ರ ಫೆಬ್ರವರಿಯಲ್ಲಿ ಒಕ್ಕೂಟವು ೨ ಕೋಟಿ ೪೦ ಲಕ್ಷ ಡಾಲರುಗಳಿಗೆ ರಾಜಿ ಮಾಡಿಕೊಂಡಿತು. ಅದೇ ವರ್ಷ ಆದ ಕರಾರಿನಂತೆ ವಿಶ್ವಕಪ್ಪುಗಳ ಬಹುಮಾನದ ಹಣವನ್ನು ಪುರುಷರೂ ಮಹಿಳೆಯರೂ ಒಟ್ಟುಗೂಡಿಸಿ ಹಂಚಿಕೊಳ್ಳತಕ್ಕುದೆಂದು ಗೊತ್ತಾಯಿತು. ೨೦೨೨ರ ಕತಾರಿನಲ್ಲಿ ಪುರುಷರು ಗಳಿಸಿದುದರಲ್ಲಿ ಮಹಿಳೆಯರಿಗೂ ಪಾಲು ಬಂದಿತು.

ಪ್ರೀತಿಯನ್ನು ಮುಂಚಿತವಾಗಿಯೇ ಸಿದ್ಧಪಡಿಸಿ ಒಬ್ಬನ ಮೇಲೆ ಹೊರಿಸುವ ಪ್ರಯತ್ನವೂ ನಡೆದುದುಂಟು. ಘಾನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಫ್ರೆಡಿ ಆಡು ೨೦೦೪ರಲ್ಲಿ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ರಾಜಧಾನಿಯ ವೃತ್ತಿಪರ ತಂಡದಲ್ಲಿ ಆಡತೊಡಗಿದಾಗ ಅವನನ್ನು ಎರಡನೆಯ ಪೆಲೆಯೆಂದು ಜಾಹೀರುಪಡಿಸಿದರು. ರಾಷ್ಟ್ರೀಯ ತಂಡಕ್ಕೆ ಅವನು ಆಡಿದ ಆಟಗಳು ೧೭. ಹೊಡೆದ ಗೋಲುಗಳು ೨. ಹುಡುಗನ ತಪ್ಪು ಇದರಲ್ಲಿ ಬಹಳವೇನೂ ಇಲ್ಲ. ಗಳಿಗೆ ಬರುವುದಕ್ಕೆ ಮುಂಚೆ ಬಿರುದು ಬಂದಿತು, ಅಷ್ಟೆ. ಇದಕ್ಕೆ ಪ್ರತಿಯಾಗಿ ಅಲೆಕ್ಸಿ ಲಾಲಸನನ್ನು ನೋಡಬಹುದು. ೧೯೯೪ರಲ್ಲಿ ಅಮೆರಿಕದಲ್ಲಿಯೇ ವಿಶ್ವಕಪ್ ನಡೆದು ಸುಮಾರು ೩೫ ಲಕ್ಷ ೮೭ ಸಾವಿರ ಪ್ರೇಕ್ಷಕರು ಸೇರಿದಾಗ, ಕೆಂಗಡ್ಡದ, ಗಿಟಾರು ನುಡಿಸುವ ಈ ರಕ್ಷಣೆಯ ಆಟಗಾರನನ್ನು ಯಾರೂ ಮೊದಲು ಕೇಳಿದ್ದವರಲ್ಲ. ಆಟವನ್ನೇ ಅರಿಯದವನೂ ದೂರದಿಂದ ಗುರುತಿಸಬಹುದಾದ ಮುಖವದು. ಆಟವನ್ನು ಹೊಸದಾಗಿ ನೋಡುವ ಜನಕ್ಕೆ ಮೊದಲು ಬೇಕಾದುದು ಅಂಥ ಗುರುತೇ.

ಈಚಿನ ವರ್ಷಗಳಲ್ಲಿ ಈ ಸ್ಥಿತಿಯು ಕ್ರಮವಾಗಿ ಬದಲಾಗಿದೆ. ಕ್ರಿಸ್ಟಿಯನ್ ಪುಲಿಸಿಕ್ ಪೆನ್ಸಿಲ್ವೇನಿಯದ ಹರ್ಷಿಯಲ್ಲಿ ಹುಟ್ಟಿ, ಹದಿನೇಳರಲ್ಲಿಯೇ ಜರ್ಮನಿಯ ಡಾರ್ಟ್‌ಮುಂಡ್ ತಂಡದಲ್ಲಿ ಆಡಿ, ೨೦೨೧ರಲ್ಲಿ ಚೆಲ್ಸಿ ತಂಡದೊಡನೆ ಯುರೋಪಿನ ಚಾಂಪಿಯನ್ಸ್ ಲೀಗನ್ನು ಗೆದ್ದವನು. ನೈಪುಣ್ಯದಲ್ಲಿ ಆತನಿಗೆ ಸಮನಾದವರು ಅಮೆರಿಕದಲ್ಲಿ ವಿರಳ. ಆದರೆ ಆತನನ್ನು ಜನರ ಹೃದಯಕ್ಕೆ ಹತ್ತಿರ ತಂದ ಚಿತ್ರಗಳು ಬೇರೆ. ೨೦೧೭ನೆಯ ಅಕ್ಟೋಬರ್ ೧೦ರಂದು ಟ್ರಿನಿಡಾಡಿನ ಕೂವ ಎಂಬಲ್ಲಿ ಅಮೆರಿಕವು ಸೋತು ವಿಶ್ವಕಪ್ಪಿನ ಅರ್ಹತೆಯನ್ನೇ ಕಳೆದುಕೊಂಡಾಗ, ತಂಡದ ಒಂದೇ ಗೋಲನ್ನು ಹೊಡೆದಿದ್ದ ಹತ್ತೊಂಬತ್ತು ವರ್ಷದ ಆ ಹುಡುಗನು ಅತ್ತುದು ಒಂದು. ೨೦೨೨ನೆಯ ನವೆಂಬರ್ ೨೯ರಂದು ಇರಾನಿನ ಮೇಲೆ, ಗೋಲ್‌ಕೀಪರನಿಗೆ ಡಿಕ್ಕಿ ಹೊಡೆಯುವೆನೆಂದು ತಿಳಿದೂ ಹಿಂಜರಿಯದೆ ನುಗ್ಗಿ, ಏಕೈಕ ಗೋಲನ್ನು ಹೊಡೆದು ಕೆಳಹೊಟ್ಟೆಗೆ ಪೆಟ್ಟು ತಿಂದು ಆಸ್ಪತ್ರೆಗೆ ಹೋದುದು ಇನ್ನೊಂದು. ಮತ್ತೆ ಅದೇ ಉತ್ಸಾಹ, ಅದೇ ಗಾಯ.

ಹಾಗೆ ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಸುಲಭವಲ್ಲ. ೨೦೨೫ರ ಬೇಸಗೆಯಲ್ಲಿ, ಇಟಲಿಯ ಮಿಲಾನ್ ತಂಡಕ್ಕೆ ವರ್ಷಪೂರ್ತಿ ಆಡಿ ದಣಿದಿದ್ದ ಪುಲಿಸಿಕ್, ಮೈಗೆ ವಿಶ್ರಾಂತಿ ಬೇಕೆಂದು ಗೋಲ್ಡ್ ಕಪ್ ಪಂದ್ಯಾವಳಿಗೆ ಬರಲಿಲ್ಲ. ಮುಂದಿನ ವರ್ಷ ವಿಶ್ವಕಪ್ಪು ಅಮೆರಿಕದಲ್ಲಿಯೂ ನಡೆಯುವುದಿದ್ದುದರಿಂದ ಇದು ವಿವೇಕವೆಂದು ವಾದಿಸಿದವರುಂಟು. ಆದರೆ ಹಳೆಯ ಆಟಗಾರರು ಬಹಿರಂಗವಾಗಿ ಆಕ್ಷೇಪಿಸಿದರು. ಆಕ್ಷೇಪಿಸಿದವರ ಸಾಲಿನಲ್ಲಿ ಡಾನೊವನ್ನನೂ ಇದ್ದನು. ಒಂದು ಕಾಲದಲ್ಲಿ ಬೇಸತ್ತು ಕಾಂಬೋಡಿಯಕ್ಕೆ ಹೋದುದಕ್ಕಾಗಿ ಇದೇ ಮಾತುಗಳನ್ನು ಕೇಳಿದ್ದವನು ಆತನೇ ಎಂಬುದನ್ನು ಅಭಿಮಾನಿಗಳು ನೆನಪಿಸದೆ ಬಿಡಲಿಲ್ಲ.